ಹತ್ತಿ ಕುಡಿದದ್ದು

ಚಪ್ಪಲಿ ಮೆಟ್ಟಿಕೊಳ್ಳಲು ಹೆಂಡತಿ ಗೋಡೆ ಹಿಡಿದು ಬಗ್ಗಿದಾಗ ಅವಳ ಬೆರಳುಗಳಿಗೂ ಗೋಡೆಯ ಸುಣ್ಣಕ್ಕೂ ಅಂಥ ವ್ಯತ್ಯಾಸವೇನೂ ಉಳಿದಿರಲಿಲ್ಲ. ಅವನು ಅದನ್ನು ನೋಡಿದ. ನೋಡಿದ್ದಕ್ಕೆ ತನ್ನ ಕಣ್ಣನ್ನೇ ಶಪಿಸಿಕೊಂಡ. ಎರಡು ತಿಂಗಳ ಹಿಂದೆ ಉಗುರಿನ ಬುಡದಲ್ಲಿದ್ದ ನಸುಗೆಂಪು ಈಗ ಮೇಣದ ಬಣ್ಣಕ್ಕೆ ತಿರುಗಿತ್ತು. ಎಂಟೂವರೆ, ಎಂದು ತಲೆಯೊಳಗೆ ಯಾರೋ ಹೇಳಿದರು, ಹೆಚ್ಚೆಂದರೆ ಎಂಟೂ ಮುಕ್ಕಾಲು. ಆಸ್ಪತ್ರೆಯವರು ಅವಳ ರಕ್ತ ತೆಗೆದು, ಯಂತ್ರಕ್ಕೆ ಹಾಕಿ, ಹಿಮೋಗ್ಲೋಬಿನ್ ಇಷ್ಟು ಎಂದು ಚೀಟಿ ಕೊಡುವುದಕ್ಕೆ ಇನ್ನೂ ಮೂರು ಗಂಟೆ ಬೇಕು. ಅಲ್ಲಿಯವರೆಗೆ ಆ ಸಂಖ್ಯೆ ಅವನೊಬ್ಬನದು. "ಏನ್ರೀ ಹಾಗೆ ನೋಡ್ತೀರಿ? ಇನ್ನೊಂದು ಕೋಟ್ ಬಳೀಬೇಕಾ ನಂಗೆ?" ಎಂದು ಅವಳು ನಕ್ಕಳು. ನಗುವಿಗೆ ಉಸಿರು ಸಾಲಲಿಲ್ಲ. ಅರ್ಧಕ್ಕೇ ಬಿಟ್ಟು, ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಅದು ಅಲ್ಲಿ ಇರಬೇಕಾದದ್ದೇ ಎಂಬಂತೆ ಸ್ವಲ್ಪ ಹೊತ್ತು ನಿಂತಳು. "ನಡೀರಿ, ಬಸ್ಸು ತಪ್ಪತ್ತೆ." ಅವನು ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಿಗೆ ಬೀಗ ಹಾಕಿದ. ಒಳಗೆ ಫ್ರಿಜ್ಜು ಒಮ್ಮೆ ನಡುಗಿ ಗುಂಯ್ ಎನ್ನತೊಡಗಿದ್ದು ಬೀಗದ ಈಚೆಗೂ ಕೇಳಿತು. ತಿಂಗಳಿಗೊಂದರಂತೆ ಅವಳ ಇಂಜೆಕ್ಷನ್ನುಗಳನ್ನು ಅದರ ನಡುವಿನ ತಟ್ಟೆಯಲ್ಲಿಯೇ ಇಡುತ್ತಿದ್ದದ್ದು. ಈಗ ಆ ತಟ್ಟೆ ಬರಿದಾಗಿತ್ತು.

ಬಣ್ಣದ ಕಾರ್ಖಾನೆಯ ಶೇಡ್ ಕೋಣೆಯಲ್ಲಿ ಅವನಿಗೆ ಇಪ್ಪತ್ತೆರಡು ವರ್ಷ ಕಳೆದಿತ್ತು. ದೊಡ್ಡ ಪೀಪಾಯಿಗಳಲ್ಲಿ ಬೆರೆಸಿದ ಬಣ್ಣದಿಂದ ಒಂದು ಚಮಚ ಅವನ ಮೇಜಿಗೆ ಬರುತ್ತಿತ್ತು. ಅವನು ಅದನ್ನು ಬಿಳಿ ರಟ್ಟಿನ ಮೇಲೆ ಎಳೆದು, ಒಣಗಿಸಿ, ಡ್ರಾಯರಿನಲ್ಲಿ ಬೀಗ ಹಾಕಿಟ್ಟ ಮಾದರಿ ಫಲಕದ ಪಕ್ಕದಲ್ಲಿ ದೀಪದ ಕೆಳಗಿಟ್ಟು ನೋಡಿ, ಹಳದಿ ಸಾಲದು ಎಂದೋ ಕಪ್ಪು ಒಂದು ಹನಿ ಹೆಚ್ಚಾಯಿತು ಎಂದೋ ಹೇಳುತ್ತಿದ್ದ. ಬೇರೆಯವರಿಗೆ ಎರಡೂ ಒಂದೇ. ಅವರು ಅವನನ್ನು ದುರ್ಬೀನು ಎಂದು ಕರೆಯುತ್ತಿದ್ದರು. "ಏ ದುರ್ಬೀನು, ನಮ್ಮನೆಯವಳ ಸಿಟ್ಟು ಯಾವ ಶೇಡು ಹೇಳಪ್ಪಾ, ಒಂದು ಡಬ್ಬ ಕಟ್ಟಿಸ್ಕೊಂಡು ಹೋಗ್ತೀನಿ" ಎಂದು ಪೀಪಾಯಿಯವನು ಊಟದ ಹೊತ್ತಿನಲ್ಲಿ ಕಾಡುವನು. ಹೊಸದಾಗಿ ಸೇರುವವರಿಗೆಲ್ಲ ಅವನು ಹೇಳಿಕೊಡುತ್ತಿದ್ದ ಮೊದಲ ಪಾಠ ಒಂದೇ: ಇವತ್ತಿನದನ್ನು ನಿನ್ನೆಯದಕ್ಕೆ ಹೋಲಿಸಬೇಡಿ. ನಿನ್ನೆಗಿಂತ ಇವತ್ತು ಕೂದಲೆಳೆಯಷ್ಟು ತಪ್ಪಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ನಾಳೆ ಇನ್ನೊಂದು ಕೂದಲೆಳೆ. ಹೀಗೆ ತಪ್ಪುತ್ತ ತಪ್ಪುತ್ತ ಒಂದು ವರ್ಷದಲ್ಲಿ ಕೆನೆಬಣ್ಣ ಹೋಗಿ ಬೂದಿಯಾಗಿರುತ್ತದೆ, ದಿನವೂ ನೋಡಿದವನೇ ಎಲ್ಲರಿಗಿಂತ ಕುರುಡ. ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೋ! ಅತ್ತೆ ಎಂಟು ತಿಂಗಳ ಮೇಲೆ ಮಗಳ ಮನೆಗೆ ಬಂದು, ಚೀಲ ಕೆಳಗಿಡದೆ, ಹೊಸ್ತಿಲಲ್ಲೇ ನಿಂತು, "ಅಯ್ಯೋ ನನ್ನವ್ವಾ, ಏನೇ ಇದು, ರಕ್ತ ಯಾರು ಕುಡಿದ್ರೇ ನಿಂದು?" ಎಂದ ದಿನ ಅವನು ಬಚ್ಚಲ ಬಾಗಿಲಲ್ಲಿ ಮುಖಕ್ಕೆ ಸೋಪು ಬಳಿದುಕೊಂಡು ನಿಂತಿದ್ದ. ಕಣ್ಣು ಉರಿಯುತ್ತಿತ್ತು. ಅತ್ತೆ ಅವನತ್ತ ತಿರುಗಿ, ದನಿ ಏರಿಸದೆ, "ಬಣ್ಣ ನೋಡೋದೇ ಕೆಲಸ ಅಂತೀರಲ್ಲ ಅಳಿಯಂದ್ರೇ" ಎಂದಿದ್ದರು. ಅಷ್ಟೇ. ಆಮೇಲೆ ಒಳಗೆ ಹೋಗಿ ಮಗಳಿಗೆ ನೀರು ಕೊಟ್ಟರು. ಮುಂದಿನ ವಾರ ಪರೀಕ್ಷೆಯಲ್ಲಿ ಎರಡೂ ಕಿಡ್ನಿ ಮುಕ್ಕಾಲು ಪಾಲು ಸತ್ತಿವೆ ಎಂದು ತಿಳಿದಾಗ ಅವನಿಗೆ ಮೊದಲು ಬಂದದ್ದು ದುಃಖವಲ್ಲ, ಆ ಮಾತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳು ಕಣ್ಣು ಮುಚ್ಚಿ ಕೂತಳು. ಕೆಳ ರೆಪ್ಪೆಯ ಒಳಗನ್ನು ನೋಡಬೇಕೆಂಬ ಚಪಲವನ್ನು ಅವನು ತಡೆದುಕೊಂಡ. ಅದು ಅವರಿಬ್ಬರ ಆಟವಾಗಿದ್ದ ಕಾಲವಿತ್ತು. ಇಂಜೆಕ್ಷನ್ ಶುರುವಾದ ಹೊಸತರಲ್ಲಿ ಅವನು ಕಾರ್ಖಾನೆಯಿಂದ ಕೆಂಪಿನ ಇಪ್ಪತ್ತು ರಟ್ಟುಗಳನ್ನು ತಂದು, ಬೆಳಗಿನ ಬೆಳಕಿನಲ್ಲಿ ಅವಳ ರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆಳೆದು, ಪಕ್ಕದಲ್ಲಿ ರಟ್ಟು ಹಿಡಿದು ಸಂಖ್ಯೆ ಹೇಳುತ್ತಿದ್ದ. ಏಳೂವರೆ. ಎಂಟು. ಒಂಬತ್ತು, ಒಂಬತ್ತೂ ಕಾಲು. ಚೀಟಿ ಬಂದಾಗ ವ್ಯತ್ಯಾಸ ಎಳ್ಳಷ್ಟು. ಅವಳು ಮಗುವಿನ ಹಾಗೆ ಖುಷಿಪಡುತ್ತಿದ್ದಳು. ಅವನು ಅದನ್ನು ಯಾರಿಗೋ ಸಲ್ಲಿಸುತ್ತಿದ್ದ ತಪ್ಪೊಪ್ಪಿಗೆಯಂತೆ ಮಾಡುತ್ತಿದ್ದ. ಆ ಯಾರೋ, ಎಂದರೆ ಅತ್ತೆ, ಅಷ್ಟರಲ್ಲಿ ಸತ್ತು ಆರು ತಿಂಗಳಾಗಿತ್ತು. ಡಾಕ್ಟರು ಇಂಜೆಕ್ಷನ್ ಬರೆದುಕೊಟ್ಟ ದಿನ ಪೆನ್ನಿನಿಂದ ಮೇಜು ಕುಟ್ಟುತ್ತ ವಿವರಿಸಿದ್ದರು: "ಕಿಡ್ನಿ ಬರೀ ಮೂತ್ರ ಸೋಸಲ್ಲಮ್ಮ. ಮೂಳೆಗೆ ಹೋಗಿ, ಏಳು, ರಕ್ತ ಮಾಡು ಅಂತ ಹೇಳಿಕಳಿಸೋದೂ ಅದೇ. ನಿಮ್ದು ಬಾಯಿ ಮುಚ್ಕೊಂಡು ಕೂತಿದೆ. ಅದರ ಬದಲು ಈ ಇಂಜೆಕ್ಷನ್ ಹೇಳತ್ತೆ. ಮೊದಲೆಲ್ಲ ವಾರಕ್ಕೆ ಮೂರು ಸಲ ಚುಚ್ಬೇಕಿತ್ತು. ಇದು ಮೈಯಲ್ಲಿ ನಿಧಾನ ಕರಗತ್ತೆ, ತಿಂಗಳಿಗೊಂದು ಸಾಕು. ಮನೇಲೇ ಕೊಡಬಹುದು, ಯಜಮಾನರು ಕಲೀಲಿ." ಯಜಮಾನರು ಕಲಿತರು. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಡುವುದು, ಅಲುಗಾಡಿಸದಿರುವುದು, ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿಯುವುದು, ಚುಚ್ಚುವುದು, ನಿಧಾನ ಒತ್ತುವುದು. ಸೂಜಿ ಕಂಡರೆ ಅವಳಿಗೆ ಚಿಕ್ಕಂದಿನಿಂದ ಆಗದು. ಗೋಡೆ ಕಡೆ ತಿರುಗಿ ಕಣ್ಣು ಬಿಗಿಹಿಡಿದು, "ಮುಗೀತಾ? ಮುಗೀತಾ?" ಎನ್ನುತ್ತಿದ್ದಳು.

"ಬನ್ನಿ ಬನ್ನಿ, ನಮ್ಮ ಎರಡನೇ ಮೆಷೀನು ಬಂತು" ಎಂದು ಕಿಡ್ನಿ ವಿಭಾಗದ ಸಿಸ್ಟರ್ ಅವನನ್ನು ಕಂಡು ನಕ್ಕರು. ಅವಳ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ನರ ಹುಡುಕುತ್ತ, "ಇವತ್ತೆಷ್ಟು ಸಾರ್? ಹೇಳಿಬಿಡಿ, ಲ್ಯಾಬಿನವರಿಗೆ ಕೆಲಸ ಉಳೀಲಿ." ಅವನು ಕಿಟಕಿಯತ್ತ ನೋಡುತ್ತ, "ಹತ್ತೂವರೆ ಇರಬಹುದು" ಎಂದ. ಸಿಸ್ಟರ್ ತಲೆ ಎತ್ತಿ ಅವಳ ಮುಖ ನೋಡಿದರು, ಆಮೇಲೆ ಅವನ ಮುಖ. ಸೂಜಿ ಚುಚ್ಚಿದರು. ಸೀಸೆಯೊಳಕ್ಕೆ ರಕ್ತ ತೆಳ್ಳಗೆ ಬಂತು. ನೀರು ಹೆಚ್ಚಾದ ಬಣ್ಣ ಗಾಜಿಗೆ ಅಂಟದೆ ಜಾರುವುದನ್ನು ಅವನು ಸಾವಿರ ಸಲ ನೋಡಿದ್ದಾನೆ.

ಹಿಂದೆ ರಕ್ತ ಹತ್ತೂ ಮುಕ್ಕಾಲಕ್ಕೆ ಏರಿದ್ದ ತಿಂಗಳು ಅವಳು ಸ್ಟೂಲು ಹತ್ತಿ ಅಟ್ಟದ ಡಬ್ಬಗಳನ್ನೆಲ್ಲ ಕೆಳಗಿಳಿಸಿದ್ದಳು. ಅವನು ಮನೆಗೆ ಬಂದಾಗ ನಡುಮನೆಯ ತುಂಬ ಡಬ್ಬ, ನಡುವೆ ಅವಳು, ಕೆನ್ನೆಯಲ್ಲಿ ಬಣ್ಣ. ಎರಡು ವರ್ಷ ಆ ಮನೆಯಲ್ಲಿ ಮಲಗಿದ್ದವಳು ಬೇರೆ ಯಾರೋ ಎನ್ನಿಸಿತು. ಮಲಗಿದ್ದವಳು ಏನನ್ನೂ ಕೇಳುತ್ತಿರಲಿಲ್ಲ. ಅವನು ಕಲಸಿ ತಂದಿಟ್ಟ ಅನ್ನವನ್ನು ಎರಡು ತುತ್ತು ತಿಂದು, ಸಾಕು, ಎಂದು ಗೋಡೆಗೆ ತಿರುಗುತ್ತಿದ್ದಳು. ಅಮ್ಮ ಹೋದರು ಎಂದು ಅವನು ಹೇಳಿದ ದಿನವೂ ಅಷ್ಟೇ. ಅಳುವುದಕ್ಕೆ ಬೇಕಾದ ತ್ರಾಣವೂ ಇರಲಿಲ್ಲ, ಎರಡೂ ಕಣ್ಣಿನಿಂದ ನೀರು ತಾನೇ ಇಳಿದು ದಿಂಬಿಗೆ ಹೋಯಿತು. ಅಂಥವಳ ಸೇವೆ ಮಾಡುವುದು ಸುಲಭವಿತ್ತು. ಈ ಡಬ್ಬಗಳ ನಡುವೆ ಕೂತವಳು ಕೇಳಿದಳು: "ರೀ, ಅಮ್ಮ ಅವತ್ತೊಂದ್ಸಲ ಬಂದು ಹೋದವಳು ಆಮೇಲೆ ಯಾಕೆ ಬರ್ಲೇ ಇಲ್ಲ? ಮೂರು ಗಂಟೆ ದಾರಿ. ಸಾಯೋ ಹಾಗಿದ್ದ ಮಗಳನ್ನ ನೋಡೋಕೆ ಬರದಷ್ಟು ಕಲ್ಲು ಮನಸ್ಸಾ ಅವಳದು?" ಅವನು, ಮೊಣಕಾಲು ನೋವಿತ್ತಲ್ಲ, ಎಂದ. "ಮೊಣಕಾಲು ಅವಳಿಗೆ ನಾನು ಹುಟ್ಟೋಕೆ ಮುಂಚಿಂದ ನೋವು" ಎಂದು ಅವಳು ಡಬ್ಬದ ಮುಚ್ಚಳ ತಿರುವಿದಳು. ಮರುವಾರ ಮತ್ತೆ ಅದೇ. ಬಟ್ಟೆ ಮಡಚುವಾಗ, ತಲೆ ಬಾಚುವಾಗ. ರಕ್ತ ಏರಿದಷ್ಟೂ ಪ್ರಶ್ನೆಗೆ ಮೈ ಬರುತ್ತಿತ್ತು.

ಆ ಮಲಗಿದ್ದ ದಿನಗಳಲ್ಲೊಮ್ಮೆ ಅತ್ತೆಯ ಫೋನು ಬಂದಾಗ ಅವಳು ನಿದ್ದೆಯಲ್ಲಿದ್ದಳು. ಬಂದು ಎರಡು ತಿಂಗಳು ಇರುತ್ತೇನೆ, ನಿಮಗೂ ಒಂಚೂರು ಬಿಡುವಾಗುತ್ತದೆ, ಎಂದರು ಅತ್ತೆ. ಒಳ್ಳೆಯ ಮಾತೇ. ಆದರೆ ಅವನಿಗೆ ಕಂಡದ್ದು ಎರಡು ತಿಂಗಳು ತನ್ನ ಮನೆಯ ಒಳಗೇ ಓಡಾಡುವ ಎರಡು ಕಣ್ಣು. "ಅವಳಿಗೆ ಯಾರೂ ಬೇಡವಂತೆ ಅತ್ತೆ" ಎಂದುಬಿಟ್ಟ. "ನೀವು ಬಂದ್ರೆ ಆಯಾಸ ಅಂತಾಳೆ." ಆ ಕಡೆಯಿಂದ ಅತ್ತೆ ಆಡಿದ್ದು ಎರಡೇ ಎರಡು ಮಾತು. ನೆನಪು ಆ ಎರಡು ಮಾತಿನ ಹತ್ತಿರ ಬಂದಾಗಲೆಲ್ಲ ಅವನು ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದ. ನಲ್ಲಿ ತಿರುವುತ್ತಿದ್ದ, ಕೆಮ್ಮುತ್ತಿದ್ದ. ಇಪ್ಪತ್ತು ದಿನಕ್ಕೆ ಸುದ್ದಿ ಬಂತು. ಹೃದಯ, ಎಂದಳು ಅತ್ತೆಯ ಪಕ್ಕದ ಮನೆಯಾಕೆ; ಅವನು ಒಬ್ಬನೇ ಹೋಗಿ ಮಣ್ಣು ಮಾಡಿ ಬಂದ. ಪಕ್ಕದ ಮನೆಯಾಕೆ ಅವನ ಮುಖವನ್ನು ಬಹಳ ಹೊತ್ತು ನೋಡಿದ್ದಳು.

ಎರಡು ತಿಂಗಳ ಹಿಂದೆ, ಹಾಸಿಗೆಯ ಮೇಲೆ ಗೋಡೆಗೆ ತಿರುಗಿ ಮಲಗಿ ಅವಳು ಆ ಹೆಂಗಸಿನ ಮಾತೇ ತೆಗೆದಳು. ಅವನು ಚರ್ಮ ಹಿಡಿದಿದ್ದ, ಸೂಜಿ ಒಳಗೆ ಹೋಗಿತ್ತು. "ಇದೊಂದು ಹಿಡಿದ್ರೆ ನಾನೇ ಬಸ್ಸಲ್ಲಿ ಹೋಗಿಬರ್ತೀನಿ ರೀ. ಅಮ್ಮ ಏನಿದ್ರೂ ಪಕ್ಕದ್ಮನೆಯವಳ ಹತ್ರ ಹೇಳ್ಕೋತಿದ್ಲು. ಕೇಳಿ ಬರ್ತೀನಿ." ಅವನ ಹೆಬ್ಬೆರಳು ನಿಂತಿತು. ಅವನು ನಿಲ್ಲಿಸಿದ್ದಲ್ಲ, ಅದು ನಿಂತಿತು. ಈಗಲೂ ಅವನು ಹಾಗೇ ಹೇಳಿಕೊಳ್ಳುತ್ತಾನೆ. ಎಷ್ಟು ಹೊತ್ತೋ ತಿಳಿಯದು. "ಮುಗೀತಾ?" ಎಂದಳು. ಸೂಜಿಯನ್ನು ಹಾಗೇ ಹೊರಗೆಳೆದ. "ಮುಗೀತು" ಎಂದ ಮೇಲೆಯೇ ತಾನು ಹಾಗೆಂದದ್ದು ಅವನಿಗೆ ಕೇಳಿಸಿದ್ದು. ತುಂಬಿದ ಸಿರಿಂಜು ಕೈಯಲ್ಲಿತ್ತು. ಮತ್ತೆ ಚುಚ್ಚುತ್ತೇನೆ ಎಂದರೆ ಯಾಕೆ ಎನ್ನುತ್ತಾಳೆ. ಅಡುಗೆಮನೆಗೆ ಹೋಗಿ, ಅವಳ ಹೊಟ್ಟೆಗೆ ಒತ್ತಲೆಂದು ತಂದಿದ್ದ ಹತ್ತಿಯ ಉಂಡೆಗೆ ಅದನ್ನು ಒತ್ತಿದ. ಹತ್ತಿ ಏನೂ ಆಗದ ಹಾಗೆ ಕುಡಿಯಿತು, ಬಣ್ಣವಿಲ್ಲ, ವಾಸನೆಯಿಲ್ಲ. ಆ ತಿಂಗಳಿಡೀ ನಾಳೆ ಹೇಳುತ್ತೇನೆ, ಬೇರೆ ತಂದು ಕೊಡುತ್ತೇನೆ ಎಂದುಕೊಂಡ. ಮುಂದಿನ ತಿಂಗಳು ದಿನ ಬಂದಾಗ ಅವಳು ಏನೂ ಕೇಳಿರಲಿಲ್ಲ, ಬಸ್ಸಿನ ಮಾತೂ ಎತ್ತಿರಲಿಲ್ಲ. ಅವನು ಅಡುಗೆಮನೆಯಿಂದಲೇ ಹತ್ತಿಯ ದೊಡ್ಡ ಉಂಡೆಯನ್ನು ಅಂಗೈಯಲ್ಲಿ ಅಡಗಿಸಿಕೊಂಡು ಬಂದಿದ್ದ.

ಡಾಕ್ಟರು ಚೀಟಿಯನ್ನು ಎರಡು ಸಲ ಓದಿದರು. "ಎಂಟು ಪಾಯಿಂಟ್ ಆರು. ಹತ್ತೂ ಮುಕ್ಕಾಲಿತ್ತಲ್ಲಮ್ಮ! ಇಂಜೆಕ್ಷನ್ ಟೈಮಿಗೆ ಸರಿಯಾಗಿ ಹೋಗ್ತಿದ್ಯಾ?" ಪ್ರಶ್ನೆ ಅವಳಿಗೆ. "ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ, ಇವರು ಕ್ಯಾಲೆಂಡರಲ್ಲಿ ಗುರುತು ಹಾಕಿ ಕೊಡ್ತಾರೆ" ಎಂದು ಅವಳು ಅವನ ಪರವಾಗಿ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು. ಡಾಕ್ಟರು ಅವನನ್ನು ನೋಡಿದರು. ಅವನು ತಲೆಯಾಡಿಸಿದ. ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿತ್ತಾ? ಇಲ್ಲ. ಮಲ ಕಪ್ಪಗೆ ಹೋಗುತ್ತಿದೆಯಾ? ಇಲ್ಲ. ಡಾಕ್ಟರು ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಂಡರು. "ಹಾಗಾದ್ರೆ ನಂಗೆ ಒಂದು ಅನುಮಾನ. ಬಹಳ ಅಪರೂಪ. ಕೆಲವರ ಮೈ ಈ ಔಷಧೀನೇ ಶತ್ರು ಅಂದ್ಕೊಂಡು ಹೊಡೆದು ಹಾಕತ್ತೆ, ಮೂಳೆ ರಕ್ತ ಮಾಡೋದನ್ನೇ ನಿಲ್ಲಿಸತ್ತೆ. ಸೊಂಟದ ಮೂಳೆಗೆ ಸೂಜಿ ಹಾಕಿ ಒಂಚೂರು ಮಜ್ಜೆ ತೆಗೆದು ನೋಡ್ಬೇಕು. ಇವತ್ತೇ ಮಾಡೋಣ, ಎರಡು ಗಂಟೆಗೆ. ಇನ್ನೂ ಇಳಿದ್ರೆ ರಕ್ತ ಕೊಡ್ಬೇಕಾಗತ್ತೆ, ಅದು ನಂಗೆ ಇಷ್ಟ ಇಲ್ಲ. ನೀವು ಬೇರೆ ಕಿಡ್ನಿಗೆ ಹೆಸರು ಬರೆಸಿದೀರಿ. ಹೊರಗಿನ ರಕ್ತ ಹೋದಷ್ಟೂ ಮುಂದೆ ಕಿಡ್ನಿ ಹೊಂದೋದು ಕಷ್ಟ."

"ಮೂಳೆಗಾ?" ಎಂದಳು ಅವಳು.

"ಮರಗಟ್ಟೋ ಹಾಗೆ ಮಾಡ್ತೀವಮ್ಮ. ಆದ್ರೂ ಒಂಚೂರು ಗೊತ್ತಾಗತ್ತೆ."

ಕಾರಿಡಾರಿನ ಬೆಂಚಿನಲ್ಲಿ ಅವಳು ಕೈಯೆರಡನ್ನೂ ತೊಡೆಯ ಕೆಳಗಿಟ್ಟುಕೊಂಡು ಕೂತಳು. ಎದುರಿನ ಗೋಡೆಯ ಹಸಿರು ಅವನದೇ ಕಾರ್ಖಾನೆಯದು; ಆಸ್ಪತ್ರೆಗಳಿಗೆಂದೇ ಮಾಡುವ ಹಸಿರು, ಅವನೇ ಒಪ್ಪಿ ಕಳಿಸಿರಬೇಕು. ಅದು ಎಲ್ಲೆಲ್ಲೂ ಒಂದೇ ಸಮ ಇತ್ತು, ನೋಡಲು ಏನೂ ಇರಲಿಲ್ಲ. ಈಗ ಹೇಳಿದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಯಾಕೆ ಎಂಬುದಕ್ಕೆ ಉತ್ತರ ಹೇಳಿದರೆ ಅತ್ತೆ ಬರುತ್ತಾರೆ. ಹೇಳದಿದ್ದರೆ ಎರಡು ಗಂಟೆಗೆ ಅವಳನ್ನು ಬೋರಲು ಮಲಗಿಸುತ್ತಾರೆ. ಮಜ್ಜೆಯಲ್ಲಿ ಏನೂ ಸಿಗುವುದಿಲ್ಲ; ಸಿಗದಿದ್ದರೆ ಬೇರೆ ಕಡೆ ಹುಡುಕುತ್ತಾರೆ, ಅವನು ಬಾಯಿ ಬಿಡುವವರೆಗೆ ಅವಳ ಮೈಯನ್ನು ಒಂದೊಂದೇ ಕೋಣೆ ತೆರೆದು ಹುಡುಕುತ್ತಾರೆ. ಮುಂದಿನ ತಿಂಗಳಿಂದ ಸರಿಯಾಗಿ ಕೊಟ್ಟರಾಯಿತು ಎಂದೂ ಅನ್ನಿಸಿತು. ತಾನಾಗಿ ಏರುತ್ತದೆ, ಯಾರಿಗೂ ತಿಳಿಯುವುದಿಲ್ಲ, ಒಂದೇ ಒಂದು ಸೂಜಿ ತಾನೇ. ಆ ಯೋಚನೆ ಎಷ್ಟು ನಯವಾಗಿ ಬಂತೆಂದರೆ ಅವನಿಗೆ ತನ್ನ ಪಕ್ಕದಲ್ಲಿ ತಾನೇ ಕೂತಂತೆ ಭಯವಾಯಿತು. ಸಿಸ್ಟರ್ ಒಂದು ಕಾಗದ ತಂದರು. "ಒಪ್ಪಿಗೆ ಪತ್ರ. ಇಲ್ಲಿ ಅವರದು, ಇಲ್ಲಿ ನಿಮ್ಮದು. ಸಂಬಂಧ ಅನ್ನೋ ಕಡೆ ಗಂಡ ಅಂತ ಬರೀರಿ." ಅವಳು ಆಗಲೇ ಸಹಿ ಮಾಡಿ ಪೆನ್ನು ಚಾಚಿದಳು. ಅಕ್ಷರ ಗೆರೆ ದಾಟಿತ್ತು.

"ನಂದು ಮುಗೀತು. ಹಾಕಿ ಬೇಗ. ಯೋಚನೆ ಮಾಡೋಕೆ ಬಿಟ್ರೆ ನಾನು ಎದ್ದು ಓಡಿಹೋಗ್ತೀನಿ. ಓಡೋಕೆ ಆಗಲ್ಲ, ಅದು ಬೇರೆ ಮಾತು."

"ಬೇಡ" ಎಂದ.

"ಭಯ ನಂಗಿರಬೇಕು. ನಿಮಗ್ಯಾಕೆ?"

"ಔಷಧಿ ಸೋತಿಲ್ಲ. ನಾನು ಕೊಟ್ಟಿಲ್ಲ."

"ಏನು ಕೊಟ್ಟಿಲ್ಲ?"

"ಎರಡು ಸಲದ್ದು. ಚುಚ್ಚಿದೆ, ಒತ್ತಲಿಲ್ಲ. ಹತ್ತಿಗೆ ಬಿಟ್ಟೆ."

ಅವಳಿಗೆ ಅರ್ಥವಾಗಲಿಲ್ಲ. ಸಿಸ್ಟರ್‌ಗೆ ಮೊದಲು ಆಯಿತು. ಅವರು ಅವನ ಕೈಯಿಂದ ಪೆನ್ನನ್ನು ಮೆಲ್ಲಗೆ ತೆಗೆದುಕೊಂಡು, ಕಾಗದ ಮಡಚಿ, ಒಳಗೆ ಹೋದರು. ಡಾಕ್ಟರು ಬಾಗಿಲಲ್ಲೇ ನಿಂತು, "ನಿಮಗೆ ತಲೆ ನೆಟ್ಟಗಿದ್ಯೇನ್ರೀ? ಮೂಳೆ ಕೊರೆಯೋಕೆ ಹೊರಟಿದ್ದೆ ನಾನು! ಇವರ ಮೂಳೆ!" ಎಂದರು. ಬೆಂಚಿನ ಆ ತುದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಎದ್ದು ನಿಂತಿದ್ದ, ಶಾಲೆಯಲ್ಲಿ ನಿಲ್ಲುವ ಹಾಗೆ. ಡಾಕ್ಟರು ಸಿಸ್ಟರ್ ಕಡೆ ತಿರುಗಿದರು: "ಇವತ್ತು ಇಲ್ಲೇ ಹಾಕಿ ಸಿಸ್ಟರ್. ಇನ್ನು ಮೇಲೆ ಪ್ರತಿ ತಿಂಗಳೂ ಇಲ್ಲೇ. ಮನೇಗೆ ಒಂದೂ ಕಳಿಸ್ಬೇಡಿ." ಬಾಗಿಲು ಹಾಕಿಕೊಂಡಿತು.

ಸಿಸ್ಟರ್ ಸ್ಟೀಲಿನ ತಟ್ಟೆಯಲ್ಲಿ ಸಿರಿಂಜು ತಂದು ಬೆಂಚಿನ ಮೇಲೆ, ಅವರಿಬ್ಬರ ನಡುವೆ ಇಟ್ಟರು. "ಅರ್ಧ ಗಂಟೆ. ಥಂಡಿ ಹೋಗ್ಲಿ" ಎಂದು ಅವಳಿಗೆ ಹೇಳಿ, ಅವನತ್ತ ನೋಡದೆ, "ನೀವು ಮುಟ್ಬೇಡಿ" ಎಂದರು.

ಸಿರಿಂಜಿನ ಮೈಯ ಮೇಲೆ ಬೆವರು ಮೂಡಿತು. ಅವಳು ಅದನ್ನೇ ನೋಡುತ್ತಿದ್ದಳು. ಸ್ಟ್ರೆಚರೊಂದು ಹೋಯಿತು, ಅದರ ಒಂದು ಚಕ್ರ ಕಿರುಗುಟ್ಟುತ್ತಿತ್ತು; ಅದು ಕಾರಿಡಾರಿನ ತಿರುವು ದಾಟುವವರೆಗೂ ಅವಳು ಕಾದಳು.

"ನಾನು ಸಾಯ್ಲಿ ಅಂತಾನಾ?"

"ಅಲ್ಲ. ಅಲ್ಲ. ನೀನು ಊರಿಗೆ ಹೋಗ್ತೀನಿ ಅಂದೆ. ಕೇಳ್ತೀನಿ ಅಂದೆ." ಅವನ ದನಿ ತೀರಾ ಸಣ್ಣದಾಗಿತ್ತು. "ಅತ್ತೆ ಬರ್ತೀನಿ ಅಂತ ಫೋನ್ ಮಾಡಿದ್ರು. ನಾನೇ ಬೇಡ ಅಂದಿದ್ದು. ನಿನ್ನ ಹೆಸರಲ್ಲಿ."

"ನನ್ನ ಹೆಸರಲ್ಲಿ ಏನಂದ್ರಿ? ಅಂದಿದ್ದು ಅಂದ ಹಾಗೇ ಹೇಳಿ."

"ಅವಳಿಗೆ ಯಾರೂ ಬೇಡವಂತೆ. ನೀವು ಬಂದ್ರೆ ಆಯಾಸ ಅಂತಾಳೆ."

"ಅಮ್ಮ ಏನಂದ್ಲು?"

ನಲ್ಲಿಯಿರಲಿಲ್ಲ, ತಿರುವುವುದಕ್ಕೆ. ಕೆಮ್ಮು ಬರಲಿಲ್ಲ. "'ಅವಳೇ ಅಂದ್ಲಾ?' ಅಂತ ಕೇಳಿದ್ರು. ಹೌದು ಅಂದೆ."

"ಆಮೇಲೆ?"

"'ಸರಿ ಅಳಿಯಂದ್ರೇ. ಮಲಗಿದ್ರೆ ಎಬ್ಬಿಸ್ಬೇಡಿ ಅವಳನ್ನ' ಅಂದ್ರು."

ಅವಳ ಬಾಯಿ ತೆರೆಯಿತು. ಅವನು ಕೂಗಿಗೆ ಕಾದ. ಕೆನ್ನೆಗೆ ಬೀಳುವ ಏಟಿಗೂ ಕಾದ, ಅದು ಬಂದರೆ ಒಳ್ಳೆಯದು ಎನ್ನಿಸಿತು. ಬಂದದ್ದು ಬರೀ ಗಾಳಿ. ಕತ್ತಿನ ನರ ಬಿಗಿದು, ಭುಜ ಮೇಲೆದ್ದು, ಅವಳು ಆ ಒಂದು ಕೂಗನ್ನು ಮೈಯ ಎಲ್ಲ ಮೂಲೆಗಳಿಂದ ಎಳೆದು ತರಲು ನೋಡಿದಳು, ಆಗಲಿಲ್ಲ. ತುಟಿ ಬಿಳಿಚಿಕೊಂಡಿತು. ಬೆಂಚಿನ ಅಂಚು ಹಿಡಿದುಕೊಂಡು ತಲೆ ತಗ್ಗಿಸಿ ಉಸಿರು ಎಳೆದುಕೊಳ್ಳುತ್ತಲೇ ಇದ್ದಳು. ಅವನ ಕೈ ಅವಳ ಬೆನ್ನಿನ ಕಡೆ ಹೋಗಿ, ತಟ್ಟೆಯ ಮೇಲೆ ಬಂದಾಗ ನಿಂತು, ಹಿಂದೆ ಬಂತು.

ಸಿಸ್ಟರ್ ಬಂದು ಪರದೆ ಎಳೆದರು. ಅವನು ಪರದೆಯ ಈಚೆ ನಿಂತ. ಒಳಗಿನಿಂದ ಅವಳ ದನಿ ಕೇಳಿತು: "ಇದು ಹಿಡಿಯೋಕೆ ಎಷ್ಟು ದಿನ ಬೇಕು ಸಿಸ್ಟರ್?"

"ಗೊತ್ತಾಗೋಕೆ ಎರಡು ವಾರನಾದ್ರೂ ಬೇಕಮ್ಮ. ಚೆನ್ನಾಗಿ ಏರೋಕೆ ತಿಂಗಳ ಮೇಲೆ."

ಹೊರಗೆ ಬಂದಾಗ ಅವಳು ಸೆರಗನ್ನು ಸರಿಮಾಡಿಕೊಂಡಿದ್ದಳು. ಫೈಲನ್ನು ಅವನ ಕಂಕುಳಿನಿಂದ ಎಳೆದು ತೆಗೆದುಕೊಂಡಳು. "ಒಂದು ತಿಂಗಳು ನನ್ನ ಹತ್ರ ಮಾತಾಡ್ಬೇಡಿ" ಎಂದಳು. ಒಂದೊಂದು ಮಾತಿಗೂ ನಡುವೆ ಉಸಿರು ತೆಗೆದುಕೊಂಡಳು. "ತಪ್ಪಾಯ್ತು ಅಂತಾನೂ ಅನ್ಬೇಡಿ. ಈಗ ಅಂದ್ರೆ ನಾನು ಅತ್ತು ಸುಮ್ಮನಾಗಿಬಿಡ್ತೀನಿ. ನಂಗೆ ಗೊತ್ತು, ನೀವೂ ಅದನ್ನೇ ನಂಬ್ಕೊಂಡಿದ್ರಿ. ಮೈಯಲ್ಲಿ ರಕ್ತ ಬರ್ಲಿ. ಆಮೇಲೆ ಕೇಳ್ತೀನಿ."

ಆಸ್ಪತ್ರೆಯ ಹೊರ ಮೆಟ್ಟಿಲುಗಳ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಅವಳು ಕಂಬಿ ಹಿಡಿದು ಇಳಿದಳು. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತಳು. ಅವಳು ನಿಂತಾಗ ಅವನೂ ಎರಡು ಮೆಟ್ಟಿಲು ಹಿಂದೆ ನಿಂತ. ದಾಟಿ ಹೋಗುವಂತಿರಲಿಲ್ಲ, ಕೈ ಕೊಡುವಂತಿರಲಿಲ್ಲ. ಜನ ಅವರ ಎರಡೂ ಕಡೆಯಿಂದ ಹತ್ತುತ್ತ ಇಳಿಯುತ್ತ ಇದ್ದರು. ಔಷಧಿ ಈಗ ಅವಳ ಚರ್ಮದ ಕೆಳಗೆ ಒಂದು ಹನಿಯಷ್ಟು ಜಾಗದಲ್ಲಿ ಕೂತು, ಯಾವ ಅವಸರವೂ ಇಲ್ಲದೆ, ಮೂಳೆಗೆ ಹೇಳಿಕಳಿಸಲು ತೊಡಗಿರಬೇಕು. ಅವಳು ಕಂಬಿಯಿಂದ ಕೈ ತೆಗೆದು ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು. ಅವನು ಕಾದ, ಇಳಿದ.